ಮೂರನೆಯ ಗುಂಡು ಮತ್ತು ವತ್ಸಲಾಳ ಹೆಬ್ಬೆರಳು

ಶನಿವಾರ ಮಧ್ಯಾಹ್ನ ವತ್ಸಲಾಳ ಅಡುಗೆಮನೆಯ ಮೇಜು ಎರಡು ಪಾಲಾಗುತ್ತಿತ್ತು. ಒಂದು ತುದಿಯಲ್ಲಿ ಅವಳ ತಾಯಿ ಸುಶೀಲಾಬಾಯಿ ಬಿಡಿಸಲು ಹರವಿಕೊಂಡ ಮೆಂತ್ಯದ ಸೊಪ್ಪು. ಇನ್ನೊಂದು ತುದಿಯಲ್ಲಿ ತ್ರೀ ನಾಟ್ ತ್ರೀ ಬಂದೂಕು ಮತ್ತು ಅದರ ಕ್ಲಿಪ್ಪುಗಳು. ನಡುವೆ ಗಡಿಯ ಹಾಗೆ ಒಂದು ಹಳೆಯ ಟವೆಲ್ಲು.

"ಬಂತ ನೋಡ್ರಿ ಕಿತ್ತೂರ ದಂಡು," ಎಂದು ಸುಶೀಲಾಬಾಯಿ ಸೊಪ್ಪನ್ನು ತಮ್ಮ ಕಡೆ ಎಳೆದುಕೊಂಡರು. "ಅರವತ್ತು ದಾಟೀದಿ. ಈಗ ಯಾರ ಮ್ಯಾಲೆ ದಂಡೆತ್ತಿ ಹೊಂಟೀ ವತ್ಸೀ?"

"ಕಾಗದದ ಮ್ಯಾಲೆ, ಅವ್ವಾ. ಕಾಗದದಾಗಿನ ಒಂದು ಕರೀ ಚಿಕ್ಕಿ ಮ್ಯಾಲೆ."

"ಪಾಪ, ಆ ಕಾಗದ ನಿನಗೇನ ಮಾಡೇದ?"

ವತ್ಸಲಾ ನಕ್ಕಳು, ಆದರೆ ಕಣ್ಣು ಕ್ಲಿಪ್ಪಿನ ಮೇಲೇ ಇತ್ತು. ಬೆರಳುದ್ದದ ಉಕ್ಕಿನ ಪಟ್ಟಿ ಅದು. ಎರಡೂ ಅಂಚು ಒಳಕ್ಕೆ ಮಡಿಚಿ, ಐದು ಗುಂಡುಗಳ ತಳವನ್ನು ಸಾಲಾಗಿ ಕಚ್ಚಿ ಹಿಡಿಯುತ್ತದೆ. ಅದನ್ನು ಬಂದೂಕಿನ ಬೆನ್ನ ಮೇಲಿನ ಸೀಳಿನಲ್ಲಿ ನಿಲ್ಲಿಸಿ, ಮೇಲಿನ ಗುಂಡಿನ ಮೇಲೆ ಹೆಬ್ಬೆರಳಿಟ್ಟು ಒಂದೇ ಸಮನೆ ಒತ್ತಿದರೆ, ಐದೂ ಗುಂಡು ಸರ್ರನೆ ಬಂದೂಕಿನ ಹೊಟ್ಟೆಗೆ ಇಳಿಯುತ್ತವೆ. ಖಾಲಿ ಕ್ಲಿಪ್ಪು ಮಾತ್ರ ಮೇಲೆ ಉಳಿಯುತ್ತದೆ. ಹಿಂದೆ ಸಿಪಾಯಿಗಳು ಕೆಸರಿನಲ್ಲಿ, ಕತ್ತಲಲ್ಲಿ ಹೀಗೆಯೇ ತುಂಬುತ್ತಿದ್ದರಂತೆ. ಸುಶೀಲಾಬಾಯಿಯ ಕಣ್ಣಿಗೆ ಅದು ಬಾಚಣಿಗೆಯಂತೆ ಕಂಡಿತ್ತು. ಹಾಗಾಗಿ ಅವರ ಬಾಯಲ್ಲಿ ಅದು ಮೊದಲಿನಿಂದಲೂ "ಹಣಿಗಿ".

ಮದ್ದಿಲ್ಲದ ಅಭ್ಯಾಸದ ಗುಂಡುಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿ ವತ್ಸಲಾ ಒತ್ತಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿದವು. ಇನ್ನೊಂದು ಕ್ಲಿಪ್ಪು, ಮತ್ತೊಂದು, ಎಲ್ಲವೂ ಹಾಗೆಯೇ. ಅವಳ ಮುಖ ಮಾತ್ರ ಸಣ್ಣದಾಯಿತು. ಕ್ಲಿಪ್ಪಿನಲ್ಲಿ ದೋಷವಿದ್ದಿದ್ದರೆ ಚೆನ್ನಾಗಿತ್ತು ಎಂದು ಅವಳ ಮನಸ್ಸು ಬೇಡುತ್ತಿತ್ತು. ದೋಷ ಕ್ಲಿಪ್ಪಿನಲ್ಲಿ ಇಲ್ಲವೆಂದರೆ ಅದು ಇರಬಹುದಾದ ಜಾಗ ಇನ್ನೊಂದೇ.

ಅವಳು ಬಲಗೈಯ ಹೆಬ್ಬೆರಳನ್ನು ನೋಡಿಕೊಂಡಳು.

*

ಆ ಬೆರಳಿಗೆ ದೊಡ್ಡ ಕಥೆಯೇನೂ ಇರಲಿಲ್ಲ, ಉದ್ದದ ಕಥೆಯಿತ್ತು. ಧಾರವಾಡದ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದ ವತ್ಸಲಾ ಒಂದು ಕ್ಯಾಂಪಿನಲ್ಲಿ ಇಂಥದೇ ಬಂದೂಕು ಹಿಡಿದಿದ್ದಳು. ಹಾರಿಸಿದ್ದು ಐದೇ ಗುಂಡು. ಗುರಿಯ ಹಲಗೆಯಲ್ಲಿ ಮೂರು ತೂತು ಬಿದ್ದಾಗ, ಹುಡುಗಿಯರಿಗೆ ಕಲಿಸಲು ಒಲ್ಲದ ಮನಸ್ಸಿನಿಂದ ಬಂದಿದ್ದ ಹವಾಲ್ದಾರ, "ಯಾರದಿದು?" ಎಂದು ಎರಡು ಸಲ ಕೇಳಿದ್ದ. ಮನೆಗೆ ಬಂದಾಗ ಭುಜ ನೇರಳೆ ಹಣ್ಣಿನಂತೆ ಕಂದಿತ್ತು. ಸುಶೀಲಾಬಾಯಿ ಬಾಯಿಬಿಡದೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕಿದರು. ತಿಕ್ಕಿ ಮುಗಿದ ಮೇಲೆ, "ಸಾಕಿನ್ನ," ಎಂದರು. ಅಷ್ಟೇ. ಎನ್‌ಸಿಸಿಯ ಖಾಕಿ ಬಟ್ಟೆ ಟ್ರಂಕಿಗೆ ಹೋಯಿತು. ವತ್ಸಲಾ ಡಾಕ್ಟರಾದಳು.

ಅರಿವಳಿಕೆ ಕೊಡುವ ಡಾಕ್ಟರು. ಮೈಸೂರಿನ ಭಾರ್ಗವನನ್ನು ಮದುವೆಯಾಗಿ ಲಂಡನ್ನಿಗೆ ಬಂದು, ಮೂರು ದಶಕ ಸರಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರುಗಳಲ್ಲಿ ನಿಂತಳು. ರೋಗಿಗೆ ಎಚ್ಚರ ತಪ್ಪುತ್ತಿದ್ದಂತೆ ನಾಲಿಗೆ ಹಿಂದೆ ಸರಿಯದ ಹಾಗೆ ದವಡೆಯನ್ನು ಮೇಲೆತ್ತಿ ಹಿಡಿಯಬೇಕು, ಮೂಗುಬಾಯಿಯ ಮೇಲೆ ಮಾಸ್ಕನ್ನು ಅವುಚಿ ಹಿಡಿಯಬೇಕು. ಆ ಹಿಡಿತದ ಭಾರವೆಲ್ಲ ಹೆಬ್ಬೆರಳಿನ ಮೇಲೆಯೇ. ನಿವೃತ್ತಿಯ ದಿನ ಸಹೋದ್ಯೋಗಿಗಳು ಕೇಕು ಕತ್ತರಿಸಲು ಚಾಕು ಕೊಟ್ಟಾಗ ಅವಳು ಎಡಗೈಯಲ್ಲಿ ಹಿಡಿದಿದ್ದನ್ನು ಯಾರೂ ಗಮನಿಸಿರಲಿಲ್ಲ.

ರೈಫಲ್ ಕ್ಲಬ್ಬಿಗೆ ಸೇರಿದ್ದು ನಿವೃತ್ತಿಗೆ ಕೆಲವು ವರ್ಷ ಮೊದಲು. ಲಂಡನ್ನಿನ ಅಂಚಿನ ಕ್ರೋಯ್ಡನ್ನಿನಿಂದ ದಕ್ಷಿಣಕ್ಕೆ, ಗುಡ್ಡದ ಮಡಿಲಲ್ಲಿ ಹಳೆಯ ಬಂದೂಕು ಪ್ರಿಯರ ಒಂದು ಸಣ್ಣ ಕ್ಲಬ್ಬಿತ್ತು. ಆಸ್ಪತ್ರೆಯ ನರ್ಸೊಬ್ಬಳು ಸಾರ್ವಜನಿಕರಿಗೆ ತೆರೆದಿದ್ದ ದಿನ ಅವಳನ್ನು ಸುಮ್ಮನೆ ಕರೆದೊಯ್ದಿದ್ದಳು. ಅಲ್ಲಿ ಮರದ ಹಿಡಿಯ ಆ ಬಂದೂಕನ್ನು ಭುಜಕ್ಕೆ ಆನಿಸಿದ್ದೇ ತಡ, ಮರಕ್ಕೆ ಹಚ್ಚಿದ ಅಗಸೆ ಎಣ್ಣೆಯ ಅದೇ ವಾಸನೆ, ಕೆನ್ನೆಗೆ ಅದೇ ತಣ್ಣನೆಯ ಮರ. ಕಣ್ಣು ಮುಚ್ಚಿದರೆ ಧಾರವಾಡದ ಮೈದಾನದ ಕೆಂಪು ಧೂಳು. ಪೊಲೀಸರ ವಿಚಾರಣೆ, ಪರವಾನಗಿ, ಮನೆಯ ಗೋಡೆಗೆ ಜಡಿದ ಉಕ್ಕಿನ ಪೆಟ್ಟಿಗೆ, ಎಲ್ಲವನ್ನೂ ಅವಳು ತಾಳ್ಮೆಯಿಂದ ಮುಗಿಸಿದಳು.

"ಎಲ್ಲರ ಹೆಂಡ್ತೀರೂ ರಿಟೈರ್ ಆದ್ಮೇಲೆ ಯೋಗ ಕಲೀತಾರೆ," ಎನ್ನುತ್ತಿದ್ದ ಭಾರ್ಗವ. "ನನ್ನ ಪಾಲಿಗೆ ನೋಡಿ, ಮನೇಲಿ ಕೋವಿ. ಉಪ್ಪು ಜಾಸ್ತಿ ಆಗಿದೆ ಅನ್ನಕ್ಕೂ ಧೈರ್ಯ ಇಲ್ಲ."

"ಅಂದ ನೋಡ್ರಿ, ಗೊತ್ತಾಗ್ತದ," ಎನ್ನುತ್ತಿದ್ದಳು ವತ್ಸಲಾ.

ತಂದೆ ತೀರಿಕೊಂಡ ಮೇಲೆ ಸುಶೀಲಾಬಾಯಿ ಹೋದ ಬೇಸಿಗೆಯ ಹೊತ್ತಿಗೆ ಮಗಳ ಮನೆಗೆ ಬಂದು ನೆಲೆಸಿದರು. ಬಂದೂಕಿನ ಬಗ್ಗೆ ಅವರು ತಮ್ಮ ಅಭಿಪ್ರಾಯವನ್ನು ಬದಲಿಸಲೂ ಇಲ್ಲ, ಬಿಡಿಸಿ ಹೇಳಲೂ ಇಲ್ಲ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಅವರ ಕೈಯೂ ಸುಮ್ಮನಿರುತ್ತಿರಲಿಲ್ಲ. ಎಂಬತ್ತು ದಾಟಿದ್ದರೂ ಮನೆಯಲ್ಲಿ ಯಾವುದು ಕಿರುಗುಟ್ಟಿದರೂ, ಯಾವುದಕ್ಕೆ ತುಕ್ಕು ಬಂದರೂ, ಒಲೆಯ ಪಕ್ಕದಲ್ಲಿಟ್ಟಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಹೊರಡುತ್ತಿದ್ದರು. ಬಾಗಿಲ ಕೀಲು, ಕತ್ತರಿ, ಈಳಿಗೆ, ಭಾರ್ಗವನ ಬ್ರೀಫ್‌ಕೇಸಿನ ಚಿಲಕ. ಇಡೀ ಮನೆಗೆ ಎಣ್ಣೆ ಹಚ್ಚಿ ಬಾಚಿದ ತಲೆಯ ವಾಸನೆಯಿತ್ತು. ವತ್ಸಲಾಳಿಗೆ ಆ ವಾಸನೆ ರೂಢಿಯಾಗಿ, ಮೂಗಿಗೆ ತಾಕುವುದೇ ನಿಂತುಹೋಗಿತ್ತು.

*

ತೊಂದರೆ ಶುರುವಾದದ್ದು ನವೆಂಬರಿನಲ್ಲಿ. ಕ್ಲಬ್ಬಿನಲ್ಲಿ ವತ್ಸಲಾ ಕಾರಿನಿಂದ ಇಳಿದ ಕೂಡಲೇ ಕ್ಲಿಪ್ಪುಗಳಿಗೆ ಗುಂಡು ಸಿಕ್ಕಿಸಿ, ಅವುಗಳನ್ನು ಬಯಲಿನ ಬೆಂಚಿನ ಮೇಲೆ ಸಾಲಾಗಿಟ್ಟು ತನ್ನ ಸರದಿಗೆ ಕಾಯುತ್ತಿದ್ದಳು. ಆ ಭಾನುವಾರ ಮಲಗಿ, ಕ್ಲಿಪ್ಪನ್ನು ಸೀಳಿನಲ್ಲಿ ನಿಲ್ಲಿಸಿ ಒತ್ತಿದರೆ, ಎರಡು ಗುಂಡು ಇಳಿದವು. ಮೂರನೆಯದು ನಿಂತಿತು. ಇನ್ನೂ ಜೋರಾಗಿ ಒತ್ತಿದಳು. ಉಗುರಿನ ಕೆಳಗೆ ಬಿಳಿಚಿತು, ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಸೂಜಿ ಎಳೆದಂತಾಯಿತು, ಗುಂಡು ಮಿಸುಕಲಿಲ್ಲ. ಕೈ ಎತ್ತಿದಳು.

ಮೇಲ್ವಿಚಾರಕ ನಾರ್ಮನ್ ಮೊಣಕಾಲು ಹಿಡಿದುಕೊಂಡು ಬಗ್ಗಿದ. ಟ್ರ್ಯಾಮ್ ಓಡಿಸಿ ನಿವೃತ್ತನಾದವನು. ಮಾತಿಗಿಂತ ಚಹಾ ಹೆಚ್ಚು. "ತಳದ ಅಂಚುಗಳು ಸರಿಯಾಗಿ ಕೂತಿವೆಯೇ, ವ್ಯಾಟ್ಸ್?" ಎಂದು ಕೇಳಿದ. ಈ ಹಳೆಯ ಗುಂಡುಗಳ ತಳಕ್ಕೆ ಬಳೆಯಂಥ ಉಬ್ಬಿದ ಅಂಚಿರುತ್ತದೆ. ಕ್ಲಿಪ್ಪಿನಲ್ಲಿ ಒಂದರ ಅಂಚು ಕೆಳಗೆ, ಪಕ್ಕದ್ದು ಮೇಲೆ, ಮತ್ತೆ ಕೆಳಗೆ, ಹೀಗೆ ಕೂರಿಸಬೇಕು. ತಪ್ಪಿದರೆ ಅಂಚಿಗೆ ಅಂಚು ಕೊಕ್ಕೆ ಹಾಕಿಕೊಂಡು ಬಂದೂಕು ಬಾಯಿ ಕಟ್ಟುತ್ತದೆ. ನಾರ್ಮನ್ ನೋಡಿದ. ಸರಿಯಾಗಿಯೇ ಇತ್ತು. ಕ್ಲಿಪ್ಪಿನ ತುಟಿ ಸೊಟ್ಟಗಾಗಿದೆಯೇ ಎಂದು ಬೆಳಕಿಗೆ ಹಿಡಿದ. ಅದೂ ನೆಟ್ಟಗಿತ್ತು. ಕೊನೆಗೆ ತನ್ನ ಜೇಬಿನಿಂದ ಒಂದು ಕ್ಲಿಪ್ಪು ತೆಗೆದು ಕೊಟ್ಟ. ಅದರಿಂದ ಐದೂ ಗುಂಡು ಇಳಿದವು.

"ನನ್ನದು ಬಳಸಿ ಬಳಸಿ ಸಡಿಲವಾದದ್ದು," ಎಂದ ನಾರ್ಮನ್. "ನನ್ನ ಹಾಗೆ. ಮುದುಕರ ಬೆರಳಿಗೆ ಒಗ್ಗುತ್ತದೆ."

ಅವನು ತಮಾಷೆಗೆ ಹೇಳಿದ್ದು. ವತ್ಸಲಾ ಅದನ್ನು ಮನೆಯವರೆಗೂ ಹೊತ್ತುಕೊಂಡು ಬಂದಳು.

ಆಮೇಲಿನ ಭಾನುವಾರಗಳೂ ಹಾಗೆಯೇ. ಮನೆಯಲ್ಲಿ ನಯ, ಬಯಲಿನಲ್ಲಿ ಕಗ್ಗಂಟು. ಅವಳು ಕ್ಲಿಪ್ಪುಗಳ ಒಳಬದಿಯನ್ನು ನುಣ್ಣನೆಯ ಉಪ್ಪುಕಾಗದದಿಂದ ಉಜ್ಜಿದಳು, ತೊಳೆದು ಒರೆಸಿ ಮೇಜಿನ ಮೇಲೆ ಒಣಗಲು ಬಿಟ್ಟಳು, ಮತ್ತೆ ಅಡುಗೆಮನೆಯಲ್ಲಿ ಪರೀಕ್ಷಿಸಿದಳು. ಇಳಿದವು. ಭಾನುವಾರ ಮತ್ತೆ ಇಳಿಯಲಿಲ್ಲ. ಹೀಗಾದಾಗ ಡಾಕ್ಟರೊಬ್ಬಳು ಏನು ತೀರ್ಮಾನಿಸಬೇಕೋ ಅದನ್ನೇ ಅವಳು ತೀರ್ಮಾನಿಸಿದಳು. ಹೆಬ್ಬೆರಳಿನ ಬುಡದ ಕೀಲು ಸವೆದಿದೆ. ಬೆಚ್ಚಗಿರುವಾಗ ಆಡುತ್ತದೆ, ಚಳಿಯಲ್ಲಿ ಸೋಲುತ್ತದೆ. ರೋಗಿಯೊಬ್ಬ ಇದೇ ಲಕ್ಷಣ ಹೇಳಿದ್ದರೆ ಎಕ್ಸ್-ರೇ ಇಲ್ಲದೆ ಒಪ್ಪುತ್ತಿರಲಿಲ್ಲ. ತನ್ನದಾದ್ದರಿಂದ ಒಂದೇ ಸಲಕ್ಕೆ ಒಪ್ಪಿಕೊಂಡಳು.

ಫೆಬ್ರುವರಿಯಲ್ಲಿ ಕ್ಲಬ್ಬಿನ ಹಳೆಯ ಬಂದೂಕುಗಳ ಪಂದ್ಯ. ನಿಮಿಷದೊಳಗೆ ಎರಡು ಕ್ಲಿಪ್ಪಿನ ಹತ್ತು ಗುಂಡು. ವತ್ಸಲಾ ನಾರ್ಮನ್‌ಗೆ ಫೋನು ಮಾಡಿದಳು. "ಅವತ್ತೂ ಸಿಕ್ಕಿಕೊಂಡರೆ ಬಂದೂಕನ್ನು ಅಲ್ಲಿಯೇ ಬಿಟ್ಟು ಬರುತ್ತೇನೆ. ಕ್ಲಬ್ಬಿನ ಕಪಾಟಿನಲ್ಲಿ ಜಾಗವಿರಲಿ. ಹೊಸಬರಿಗೆ ಆಗುತ್ತದೆ."

ಆ ಕಡೆ ಸ್ವಲ್ಪ ಹೊತ್ತು ಚಹಾ ಹೀರುವ ಸದ್ದು ಕೇಳಿಸಿತು. "ಜಾಗವೇನೋ ಇದೆ," ಎಂದ ನಾರ್ಮನ್. "ಬೇಕಾಗದಿರಲಿ."

*

ಪಂದ್ಯದ ಹಿಂದಿನ ದಿನ ಊಟದ ಹೊತ್ತಿಗೆ ಅವಳು ಮನೆಯವರಿಗೂ ಹೇಳಿದಳು. ರೊಟ್ಟಿ ಮುರಿಯುತ್ತ, ತಲೆ ಎತ್ತದೆ, ನಾಳೆ ಮಳೆ ಬರಬಹುದು ಎನ್ನುವ ದನಿಯಲ್ಲಿ.

ಭಾರ್ಗವ ಜೋಕು ಮಾಡಲು ಬಾಯಿ ತೆರೆದು ಮುಚ್ಚಿದ. "ಯಾಕೆ, ವತ್ಸಲಾ?"

"ಕೈ ಕೇಳವಲ್ದು."

"ಯಾರಿಗಾದ್ರೂ ತೋರಿಸ್ದ್ಯಾ?"

"ನನಗ ನಾನ ತೋರ್ಸೀನಿ."

"ಫೀಸ್ ತಗೊಂಡ್ಯೋ ಇಲ್ವೋ?" ಎಂದು ಅವನು ಅವಳ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿದ. ಅವಳು ನಗಲಿಲ್ಲ.

ಕಿತ್ತೂರಿನ ದಂಡು ವಾಪಸು ಹೊರಟಿತೆಂದು ಸುಶೀಲಾಬಾಯಿ ಹಿಗ್ಗಬೇಕಿತ್ತು. ಬದಲಿಗೆ ಮಗಳ ಬಲಗೈಯನ್ನೇ ನೋಡುತ್ತಿದ್ದರು. ತಟ್ಟೆ ತೊಳೆಯುವಾಗ ಮಾತ್ರ, "ಆ ಹಣಿಗಿ ನಾಳೆ ಒಯ್ಯೋದ ಅದ ಏನ?" ಎಂದು ಕೇಳಿದರು.

"ಹೂಂ, ಅವ್ವಾ. ಎರಡು ಸಾಕು."

"ಆತು. ಡಬ್ಬ್ಯಾಗ ಹಾಕಿಡ್ತೀನಿ."

ತಾಯಿ ಡಬ್ಬಿಗೆ ಹಾಕಿಟ್ಟರು. ಬೆಳಿಗ್ಗೆ ವತ್ಸಲಾ ಡಬ್ಬಿಯನ್ನು ಚೀಲಕ್ಕೆ ಸೇರಿಸಿ ಹೊರಟಾಗ ಹಿತ್ತಿಲ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು.

*

ಕ್ಲಬ್ಬಿನ ಬಯಲಿನಲ್ಲಿ ಎಲ್ಲರ ಉಸಿರೂ ಹೊಗೆಯಾಗಿತ್ತು. ವತ್ಸಲಾ ಕಾರಿನ ಬೆಚ್ಚನೆಯಲ್ಲೇ ಕುಳಿತು ಎರಡೂ ಕ್ಲಿಪ್ಪಿಗೆ ಗುಂಡು ತುಂಬಿದಳು. ಅಂಚು ಕೆಳಗೆ, ಮೇಲೆ, ಕೆಳಗೆ. ಸಲೀಸಾಗಿ ಕೂತವು. ಬೆಂಚಿನ ಮೇಲಿಟ್ಟು, ಮೊದಲ ಗುಂಪು ಹಾರಿಸುವುದನ್ನು ನೋಡುತ್ತ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಹೆಬ್ಬೆರಳನ್ನು ಬೆಚ್ಚಗಿಡುವುದೊಂದೇ ಉಪಾಯ ಎಂದುಕೊಂಡಿದ್ದಳು. ಗುಡ್ಡದ ಆಚೆ ಒಂದು ರೈಲು ವಿಕ್ಟೋರಿಯಾ ನಿಲ್ದಾಣದ ಕಡೆಗೆ ಹೋದದ್ದು ಗುಂಡಿನ ಸದ್ದಿನ ನಡುವೆ ಕೇಳಿಸಿತು. ಈ ಬಂದೂಕು ಹುಟ್ಟಿದ ಎನ್‌ಫೀಲ್ಡ್ ಇದೇ ಲಂಡನ್ನಿನ ಉತ್ತರದ ತುದಿಯಲ್ಲಿದೆ ಎಂದು ಅವಳಿಗೆ ನೆನಪಾಯಿತು. ಅದು ಅಲ್ಲಿಂದ ಎಲ್ಲೆಲ್ಲಿಗೋ ಹೋಗಿ ತಿರುಗಿ ಬಂದಿತ್ತು. ಅವಳದೂ ಹೆಚ್ಚುಕಡಿಮೆ ಹಾಗೆಯೇ. ಇವತ್ತು ಇಬ್ಬರೂ ಬೇರೆ ಬೇರೆ ದಾರಿ ಹಿಡಿಯಬೇಕಾದೀತು.

"ಎರಡನೆಯ ಗುಂಪು ಸಿದ್ಧವಾಗಿ," ಎಂದ ನಾರ್ಮನ್.

ಅವಳು ಕ್ಲಿಪ್ಪು ಎತ್ತಿಕೊಂಡಳು. ಗುಂಡುಗಳ ತಳದ ಸುತ್ತ, ಉಕ್ಕಿನ ಮಡಿಕೆಯ ಉದ್ದಕ್ಕೂ, ಏನೋ ಬೆಳ್ಳಗೆ ಮೆತ್ತಿತ್ತು. ಇಬ್ಬನಿಯೆಂದು ಬೆರಳಲ್ಲಿ ಒರೆಸಿದಳು. ನೀರಾಗಲಿಲ್ಲ. ಬೆರಳ ಶಾಖಕ್ಕೆ ತಿಳಿಯಾಗಿ, ಜಾರಿ, ಹೊಳೆಯಿತು. ಮೂಗಿನ ಹತ್ತಿರ ತಂದಳು.

ಅದು ಅವಳ ಎರಡು ಜಡೆಯ ವಾಸನೆ. ಚಳಿಗಾಲದ ಬೆಳಿಗ್ಗೆ ಧಾರವಾಡದ ಮನೆಯ ಕಟ್ಟೆಯ ಮೇಲೆ, ಬಿಸಿಲು ಬೀಳುವ ಕಡೆ, ಹೆಪ್ಪುಗಟ್ಟಿದ ಎಣ್ಣೆಯ ಬಾಟಲಿ ಕರಗಲೆಂದು ಕೂತಿರುತ್ತಿತ್ತು. ಅದು ಕರಗುವವರೆಗೆ ತಲೆ ಬಾಚುವ ಹಾಗಿರಲಿಲ್ಲ. ಶಾಲೆಗೆ ಹೊತ್ತಾಗುತ್ತಿತ್ತು.

"ಅಯ್ಯ, ಅವ್ವಾ," ಎಂದಳು ವತ್ಸಲಾ, ಗಟ್ಟಿಯಾಗಿಯೇ.

ಎಲ್ಲವೂ ಒಂದೊಂದಾಗಿ ಅವಳ ಮನಸ್ಸಿನಲ್ಲಿ ಜಾಗ ಹಿಡಿದವು. ತೊಳೆದು ಬಿಟ್ಟ ಕ್ಲಿಪ್ಪುಗಳಲ್ಲಿ ತುಕ್ಕಿನ ಚುಕ್ಕಿ ಕಂಡು, ಅವಳಿಲ್ಲದಾಗ ಎಣ್ಣೆ ಹಚ್ಚುತ್ತಿದ್ದ ಕೈ. ಬೇಸಿಗೆಯಿಡೀ ಏನೂ ಆಗದಿದ್ದದ್ದು. ಒಲೆ ಉರಿಯುವ ಅಡುಗೆಮನೆಯಲ್ಲಿ ಬೆಣ್ಣೆಯಂತೆ ಇಳಿದದ್ದು. ತುಂಬುವಾಗ ಸಲೀಸು, ಬೆಂಚಿನ ಮೇಲೆ ಚಳಿಯಲ್ಲಿ ಕುಳಿತ ಮೇಲೆ ಕಗ್ಗಂಟು. ಇಷ್ಟು ದಿನ ತೆಳ್ಳಗೆ ಹಚ್ಚುತ್ತಿದ್ದದ್ದು ಉಕ್ಕಿನ ಬಣ್ಣದಲ್ಲಿ ಅಡಗಿತ್ತು. ನಿನ್ನೆ, ಮಗಳ ಕೈ ಸೋತಿದೆಯೆಂದು ಕೇಳಿದ ಮೇಲೆ, ಸುಶೀಲಾಬಾಯಿ ಧಾರಾಳವಾಗಿ ಹಚ್ಚಿದ್ದರು.

"ಏನಾಯಿತು?" ನಾರ್ಮನ್ ಬಂದು ನಿಂತ.

"ಕೊಬ್ಬರಿ ಎಣ್ಣೆ. ಚಳಿಗೆ ಮೇಣವಾಗುತ್ತದೆ. ನನ್ನ ತಾಯಿ ಹಚ್ಚಿದ್ದಾರೆ."

ನಾರ್ಮನ್ ಕ್ಲಿಪ್ಪನ್ನು ಮೂಸಿದ. "ನನ್ನ ಹೆಂಡತಿ ಬೇಸಿಗೆಯ ರಜೆಯಲ್ಲಿ ಹಚ್ಚಿಕೊಳ್ಳುತ್ತಿದ್ದ ಲೋಷನ್ನಿನ ವಾಸನೆ," ಎಂದ. ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದ. ಆಮೇಲೆ ಮೇಲ್ವಿಚಾರಕನ ದನಿ ಬಂತು. "ಎಣ್ಣೆ ಹತ್ತಿದ ಗುಂಡು ಹಾರಿಸಲು ಬಿಡುವುದಿಲ್ಲ, ವ್ಯಾಟ್ಸ್. ಎಲ್ಲ ಬಿಚ್ಚು. ಮೂರನೆಯ ಗುಂಪಿಗೆ ಬಾ."

ಇಬ್ಬರೂ ಬೆಂಚಿನ ಮೇಲೆ ಕುಳಿತು ಒರೆಸಿದರು. ಅವನು ಲೈಟರಿನ ಪೆಟ್ರೋಲು ತೋಯಿಸಿದ ಬಟ್ಟೆಯಿಂದ ಕ್ಲಿಪ್ಪುಗಳನ್ನು, ಅವಳು ಒಣಬಟ್ಟೆಯಿಂದ ಒಂದೊಂದೇ ಗುಂಡನ್ನು. ಮತ್ತೆ ತುಂಬಿದಳು.

ಮೂರನೆಯ ಗುಂಪು. ಚಾಪೆಯ ಮೇಲೆ ಮಲಗಿ ಮೊದಲ ಕ್ಲಿಪ್ಪನ್ನು ಸೀಳಿನಲ್ಲಿ ನಿಲ್ಲಿಸಿದಳು. ಈಗ ಅವಳಿಗೆ ಹೆಚ್ಚು ಹೆದರಿಕೆಯಾಯಿತು. ಇಷ್ಟು ದಿನ ಬೆರಳಿನ ಮೇಲೆ ಹೊರಿಸಿದ್ದ ಅಪವಾದ ಎಣ್ಣೆಯ ಪಾಲಾಗಿತ್ತು. ಈಗಲೂ ಇಳಿಯದಿದ್ದರೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ. ಹೆಬ್ಬೆರಳಿಟ್ಟು ಒತ್ತಿದಳು. ಒಂದು. ಎರಡು. ಮೂರನೆಯದು ಒಂದು ಕ್ಷಣ ತಡೆದಂತೆ ಅನ್ನಿಸಿತು. ತಡೆದದ್ದು ಅವಳೇ. ಇನ್ನಷ್ಟು ಒತ್ತಿದಳು. ಐದೂ ಸರ್ರನೆ ಇಳಿದವು.

ಎರಡನೆಯ ಕ್ಲಿಪ್ಪಿಗೆ ಬೆರಳ ಬುಡ ನೋಯಿತು. ನೋವು ಸುಳ್ಳಾಗಿರಲಿಲ್ಲ. ಆದರೂ ಗುಂಡು ಇಳಿದಿತ್ತು.

ಪಂದ್ಯದಲ್ಲಿ ಅವಳಿಗೆ ಯಾವ ಬಹುಮಾನವೂ ಬರಲಿಲ್ಲ. ಒಂದು ಗುಂಡು ಹಲಗೆಯನ್ನೇ ತಪ್ಪಿಸಿಕೊಂಡು ಹಿಂದಿನ ಮಣ್ಣಿನ ದಿಬ್ಬ ಸೇರಿತ್ತು. ನಾರ್ಮನ್ ಬೀಗದ ಕೈಗಳ ಗೊಂಚಲು ಹಿಡಿದು ಬಂದ. "ಕಪಾಟು ತೆಗೆಯಲೇ?"

"ಬೇಡ," ಎಂದಳು ವತ್ಸಲಾ. "ಹೆಬ್ಬೆರಳನ್ನು ಒಬ್ಬ ಡಾಕ್ಟರಿಗೆ ತೋರಿಸಬೇಕು. ನನಗಲ್ಲ. ಬೇರೆಯವರಿಗೆ."

*

ಮನೆಗೆ ಬಂದಾಗ ಸುಶೀಲಾಬಾಯಿ ಕಿಟಕಿಯ ಹತ್ತಿರವೇ ಕುಳಿತಿದ್ದರು. ಮಗಳ ಭುಜದ ಮೇಲೆ ಬಂದೂಕಿನ ಉದ್ದನೆಯ ಚೀಲ ನೋಡಿದರು. ಅಡುಗೆಮನೆಗೆ ನಡೆದರು. ವತ್ಸಲಾ ಬಂದೂಕನ್ನು ಗೋಡೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬಂದು ಕುಳಿತ ಮೇಲೆಯೇ ಅವರ ಬಾಯಿ ಬಿಚ್ಚಿದ್ದು.

"ಸರಳ ಹೋತೇನ?"

"ಸರಳ ಹೋತು, ಅವ್ವಾ."

"ಮತ್ತ! ನಾ ಎಣ್ಣಿ ಹಚ್ಚಿದ್ದೆ." ಮೆಲ್ಲಗೆ, ಒಲೆಯ ಕಡೆ ಮುಖ ಮಾಡಿ. "ಮೊದಲಿಂದನೂ ನಾನ ಹಚ್ತಿದ್ದೆ. ನೀ ತೊಳದು ಹಂಗ ಬಿಡ್ತಿದ್ದಿ. ತುಕ್ಕ ಹತ್ತಿದ್ರ ನಿನ್ನ ದಂಡು ಹೆಂಗ ಹೊಂಟೀತು?"

ಬಾಗಿಲಲ್ಲಿ ನಿಂತಿದ್ದ ಭಾರ್ಗವ ಹೆಂಡತಿಯ ಮುಖ ನೋಡಿದ. ಕಾರಿನಿಂದಲೇ ಅವಳು ಅವನಿಗೆ ಫೋನಿನಲ್ಲಿ ಎಲ್ಲ ಹೇಳಿದ್ದಳು. ಅವನು ಏನೋ ಹೇಳಹೊರಟ. ವತ್ಸಲಾ ಕಣ್ಣಲ್ಲೇ ತಡೆದಳು.

ಅವಳು ಚೀಲದಿಂದ ನಾರ್ಮನ್ ಕೊಟ್ಟಿದ್ದ ಬಂದೂಕಿನ ಎಣ್ಣೆಯ ಪುಟ್ಟ ಡಬ್ಬಿಯನ್ನು ತೆಗೆದು ಒಲೆಯ ಪಕ್ಕ, ಕೊಬ್ಬರಿ ಎಣ್ಣೆಯ ಬಾಟಲಿಯ ಜೊತೆಗಿಟ್ಟಳು. "ಹಣಿಗಿಗೆ ಇನ್ನ ಮ್ಯಾಲೆ ಇದನ್ನ ಹಚ್ಚು. ಒಂದ ಹನಿ. ಹಚ್ಚಿ ಒರಸಿಬಿಡು."

ಸುಶೀಲಾಬಾಯಿ ಮುಚ್ಚಳ ತೆಗೆದು ಮೂಸಿದರು. "ಥೂ, ಸೀಮಿ ಎಣ್ಣಿ ನಾತ. ಇದಕ್ಕೇನ ಕಮ್ಮಿಯಾಗಿತ್ತು?" ಎಂದು ತಮ್ಮ ಬಾಟಲಿಯನ್ನು ತೋರಿಸಿದರು.

"ಅದು ಛಲೋ ಎಣ್ಣಿ ಅವ್ವಾ, ಕಬ್ಬಿಣಕ್ಕ ಹಾಕಿ ಯಾಕ ಹಾಳು ಮಾಡೋದು?"

ಈ ಮಾತು ಸುಶೀಲಾಬಾಯಿಗೆ ಒಪ್ಪಿಗೆಯಾಯಿತು. ಅವರು ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದರು. ಮೇಲಿನ ಬಿಳಿ ಕೆನೆ ಅಂಚಿನಿಂದ ಶುರುವಾಗಿ ಮೆಲ್ಲಗೆ ತಿಳಿಯಾಗತೊಡಗಿತು. ಅಂಗೈಗೆ ಸುರಿದುಕೊಂಡು, ಮಗಳ ಬಲಗೈ ಎಳೆದುಕೊಂಡು, ಹೆಬ್ಬೆರಳ ಬುಡವನ್ನು ತಿಕ್ಕತೊಡಗಿದರು. ತಿಕ್ಕುವಾಗ ಅವರು ಮಾತಾಡುವವರಲ್ಲ. ವತ್ಸಲಾ ಕಾದಳು. ತಿಕ್ಕಿ ಮುಗಿದ ಮೇಲೆ ಬರುವ ಮಾತು ಅವಳಿಗೆ ಗೊತ್ತಿತ್ತು. ಹದಿನೆಂಟರ ವಯಸ್ಸಿನಲ್ಲಿ ಕೇಳಿದ್ದಳು.

ಸುಶೀಲಾಬಾಯಿ ಸೆರಗಿಗೆ ಕೈ ಒರೆಸಿಕೊಂಡರು. ಮೇಜಿನ ಮೇಲಿದ್ದ ಕ್ಲಿಪ್ಪನ್ನು, ಅದರ ಪಕ್ಕದ ಅಭ್ಯಾಸದ ಗುಂಡುಗಳನ್ನು ನೋಡಿದರು.

"ಮುಂದಿನ ಐತಾರನೂ ಅದ ಏನ?"

"ಅದ, ಅವ್ವಾ."

"ಮತ್ತ ಆ ಸೀಮಿ ಎಣ್ಣಿ ಇತ್ಲಾಗ ಕೊಡು," ಎಂದು ಅವರು ಕನ್ನಡಕ ಏರಿಸಿಕೊಂಡರು. "ಒಂದ ಹನಿ ಅಂದ್ರ ಎಷ್ಟು, ತೋರ್ಸು."